ತಿರುವಿ ಉಟ್ಟ ಸೀರೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಒಳಗೆ ಹೋಗುವವಳು ನಾನು. ಸರ್ಕಾರಿ ಆರೋಗ್ಯ ಕಾರ್ಯಕರ್ತೆಯಾಗಿ, ಅಂದರೆ ಹಳ್ಳಿಯವರ ಬಾಯಲ್ಲಿ ‘ಸಿಸ್ಟರಮ್ಮ’ನಾಗಿ, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕು ತಿರುಗಿದ್ದೇನೆ. ದೆವ್ವ ಹಿಡಿದಿದೆ ಎಂದು ಕರೆತಂದ ಹುಡುಗಿಯರಿಗೆ ಕಬ್ಬಿಣದ ಮಾತ್ರೆ ಕೊಟ್ಟು ದೆವ್ವ ಬಿಡಿಸಿದ್ದೇನೆ. ಈಗ ನಾನೇ ಒಂದು ವಿಚಿತ್ರ ಹೇಳಹೊರಟರೆ ನಿಮಗೆ ನಗು ಬಂದೀತು. ನಗಿ, ಅಡ್ಡಿಯಿಲ್ಲ. ಇದರಲ್ಲಿ ಅಮಾವಾಸ್ಯೆಯೂ ಇಲ್ಲ, ನಡುರಾತ್ರಿಯೂ ಇಲ್ಲ. ನಡೆದದ್ದು ತೊಂಬತ್ತರ ದಶಕದ ನಡುವೆ, ಒಂದು ಬೇಸಿಗೆಯಲ್ಲಿ, ಮಧ್ಯಾಹ್ನ ಮೂರೂವರೆಯ ಬಿಸಿಲಿನಲ್ಲಿ.

ಅದಕ್ಕೂ ಮೊದಲು ನನ್ನ ನಾಚಿಕೆಯ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಬಚ್ಚಲಿನ ಬಾಗಿಲು ಹಾಕಿಕೊಂಡು, ಒಬ್ಬರೇ ಇದ್ದರೂ, ಒಳಲಂಗ ಎದೆಗೆ ಕಟ್ಟಿಕೊಂಡೇ ಮೀಯಬೇಕಿತ್ತು. “ನೀರಿಗೂ ಕಣ್ಣಿರ್ತು ಕೂಸೆ” ಎನ್ನುತ್ತಿದ್ದಳು ಅಮ್ಮ. ಮದುವೆಯಾಗಿ ಎರಡು ಮಕ್ಕಳಾದರೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ತಮಾಷೆಯೆಂದರೆ, ಕೆಲಸಕ್ಕೆ ನಿಂತಾಗ ನನ್ನ ಬಾಯಿಯೇ ಬೇರೆ. ಹೆರಿಗೆಗೆ ಮಲಗಿದ ಹೆಂಗಸು ಸೀರೆ ಸರಿಸಲು ಹಿಂಜರಿದರೆ, “ನಾಚ್ಕೆನ ಗೂಟಕ್ಕೆ ತೂಗ್ಹಾಕು, ಆಮೇಲೆ ತಕಂಡ್ರಾತು” ಎಂದು ಗದರುತ್ತಿದ್ದೆ. ರವಿಕೆಯಿಲ್ಲದೆ ಹೆಗಲಿಗೆ ಸೀರೆ ಗಂಟು ಹಾಕಿಕೊಂಡು ಬರುವ ಮುದುಕಿಯರಿಗೂ, ಕ್ಯಾಂಪಿಗೆ ಬರುವಾಗಲಾದರೂ ರವಿಕೆ ತೊಡಿ ಎಂದು ಉಪದೇಶ ಮಾಡುತ್ತಿದ್ದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆಗ ನಾನು ಯಲ್ಲಾಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿದ್ದೆ. ನಮ್ಮ ಹಳ್ಳಿಗಳ ಹೆರಿಗೆ ನೋಡಿ ಕಲಿಯಲೆಂದು ಸ್ವೀಡನ್ ದೇಶದ ಇಂಗ್ರಿಡ್ ಎಂಬ ದಾದಿ ಮೂರು ತಿಂಗಳಿಗೆ ನನ್ನ ಜೊತೆ ಬಂದು ಉಳಿದಿದ್ದಳು. ಇಪ್ಪತ್ತಾರರ ಹುಡುಗಿ, ಕೆಲಸದಲ್ಲಿ ಚುರುಕು. ಬಂದ ಎರಡನೇ ವಾರ ಸೆಖೆ ತಡೆಯಲಾರದೆ ಕ್ವಾರ್ಟರ್ಸಿನ ಹಿಂದಿನ ಹಳ್ಳಕ್ಕೆ ಇಳಿದು, ಮೈಮೇಲೆ ಒಂದು ನೂಲೂ ಇಲ್ಲದೆ ಮಿಂದಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ದಂಡೆಯ ಮೇಲೆ ಜಾತ್ರೆ. ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿ ಬಂದವರೂ ಇದ್ದರು. ನಾನು ಓಡಿಹೋಗಿ ಟವೆಲು ಸುತ್ತಿ ಎಳೆದುತಂದೆ, ಬಾಯಿಗೆ ಬಂದಂತೆ ಬೈದೆ. ಅವಳ ಊರಿನಲ್ಲಿ ಬಿಸಿ ಹಬೆಯ ಕೋಣೆಯಲ್ಲಿ ಅಜ್ಜಿ, ತಾಯಿ, ಮಕ್ಕಳು, ನೆರೆಮನೆಯವರೂ ಬತ್ತಲೆ ಕೂತು ಹರಟುತ್ತಾರಂತೆ. ಮೈಯೆಂದರೆ ಅವಳಿಗೆ ಕೈಕಾಲಿದ್ದ ಹಾಗೆ. ಅತ್ತು ಮುಗಿದ ಮೇಲೆ ಅವಳು ಕೇಳಿದಳು: “ಅವರು ನಿಂತು ನೋಡಿದ್ದು ತಪ್ಪಲ್ಲ, ನಾನು ಮಿಂದದ್ದು ತಪ್ಪೇ?” ನಮ್ಮ ಊರಿನ ಪದ್ಧತಿ ಎಂದು ಹೇಳಿ ಚಹಾಕ್ಕೆ ಇಟ್ಟೆ.

ಇದಾಗಿ ಎಂಟು ದಿನಕ್ಕೆ ಬೈನೆಜಡ್ಡಿಯಿಂದ ಗೌರಜ್ಜಿ ಬಂದಳು. ಬೈನೆಜಡ್ಡಿಯೆಂದರೆ ಟಾರು ರಸ್ತೆಯಿಂದ ಮುಕ್ಕಾಲು ಗಂಟೆ ಕಾಡಿನಲ್ಲಿ ನಡೆದರೆ ಸಿಗುವ ಮೂರು ರೈತರ ಮನೆಗಳು. ಹೆರಿಗೆಗೆ ಕರೆಯಲು ಹೆಂಗಸೇ ಹೋಗಬೇಕೆಂಬುದು ಆ ಮನೆಯ ನಿಯಮ. ಅವಳ ಮೊಮ್ಮಗನ ಹೆಂಡತಿ ಯಶೋದೆಗೆ ನೋವು ಶುರುವಾಗಿತ್ತು. ಹಿಂದಿನ ಹೆರಿಗೆಯಲ್ಲಿ ಯಶೋದೆಗೆ ರಕ್ತ ನಿಲ್ಲದೆ ಜೀವ ಹೋಗುವುದರಲ್ಲಿತ್ತು. ಈ ಸಲ ಆಸ್ಪತ್ರೆಗೇ ಕರೆತನ್ನಿ ಎಂದು ಸಾರಿ ಸಾರಿ ಹೇಳಿದ್ದೆ. ನೋವು ಹದಿನೈದು ದಿನ ಮೊದಲೇ ಬಂದಿತ್ತು. ರಕ್ತ ನಿಲ್ಲಿಸುವ ಇಂಜೆಕ್ಷನ್ನನ್ನು ಬ್ಯಾಗಿಗೆ ಹಾಕಿಕೊಂಡು ನಾನು, ಇಂಗ್ರಿಡ್, ಗೌರಜ್ಜಿ ಮೂವರೂ ಹೊರಟೆವು.

ತಿಂಗಳಿಗೆ ಎರಡು ಸಲ ಚುಚ್ಚುಮದ್ದಿಗೆ ಹೋಗುವ ದಾರಿ ಅದು, ನನಗೆ ಕಣ್ಣುಮುಚ್ಚಿದರೂ ಗೊತ್ತು. ಸಿಡಿಲು ಬಡಿದ ಒಂದು ಮತ್ತಿಮರ ಸಿಕ್ಕಿದರೆ ಮನೆ ಬಂತೆಂದೇ ಲೆಕ್ಕ. ಮತ್ತಿಮರ ಸಿಕ್ಕಿತು, ಮನೆ ಸಿಗಲಿಲ್ಲ. ಕಾಲು ಗಂಟೆ ನಡೆದ ಮೇಲೆ ಮತ್ತೆ ಅದೇ ಮತ್ತಿಮರ. ಇಂಗ್ರಿಡ್ ತನ್ನ ಕೂದಲಿನ ಕೆಂಪು ರಿಬ್ಬನ್ ಬಿಚ್ಚಿ ಅದರ ಕೊಂಬೆಗೆ ಕಟ್ಟಿದಳು. ಬೇರೆ ದಿಕ್ಕು ಹಿಡಿದು ನಡೆದೆವು. ಎದುರಿಗೆ ಕೆಂಪು ರಿಬ್ಬನ್. ನಾಯಿಯ ಸದ್ದಿಲ್ಲ, ಒಲೆಯ ಹೊಗೆಯಿಲ್ಲ. ನನಗಾದರೂ ಹೊರಗಿನವಳೆಂಬ ನೆಪವಿತ್ತು. ಗೌರಜ್ಜಿ ಐವತ್ತು ವರ್ಷ ಆ ದಾರಿ ತುಳಿದವಳು. ಅವಳೂ ದಿಕ್ಕು ತಿಳಿಯದೆ ನಿಂತಳು. ಯಶೋದೆಯ ಮುಖವೇ ಕಣ್ಣಮುಂದೆ ಬರುತ್ತಿತ್ತು.

“ಮರೆವಿನ ಬಳ್ಳಿ ದಾಟೀವಿ ಸಿಸ್ಟರಮ್ಮ,” ಎಂದಳು ಗೌರಜ್ಜಿ. “ಹಿಂಗೇ ತಿರುಗಿದ್ರೆ ಕತ್ತಲಾದ್ರೂ ದಾರಿ ಸಿಗೂದಿಲ್ಲ. ಉಟ್ಟದ್ದೆಲ್ಲ ಬಿಚ್ಚಿ, ಕೊಡವಿ, ಒಳಮೈ ಹೊರಗೆ ಮಾಡಿ ಉಟ್ಕಬೇಕು.”

ಆ ಬಳ್ಳಿಯ ಮಾತು ನಾನೂ ಕೇಳಿದ್ದೆ. ಕಾಲಿಗೆ ಸಿಕ್ಕಿದರೆ ಗೊತ್ತಿದ್ದ ದಾರಿ ಮರೆತುಹೋಗುತ್ತದಂತೆ. ನಕ್ಕು ಬಿಟ್ಟ ಮಾತು ಅದು. ಇಂಗ್ರಿಡ್ ಏನೆಂದು ಕೇಳಿದಳು. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳ ಮುಖ ಬಿಳುಚಿತು. ಕಾಡು ದಾರಿ ತಪ್ಪಿಸಿದರೆ ಕೋಟು ಬಿಚ್ಚಿ ತಿರುವಿ ಹಾಕಿಕೋ ಎಂದು ಅವಳ ಅಜ್ಜಿಯೂ ಹೇಳುತ್ತಿದ್ದಳಂತೆ. ಸ್ವೀಡನ್ನಿನ ಅಜ್ಜಿಗೂ ಬೈನೆಜಡ್ಡಿಯ ಅಜ್ಜಿಗೂ ಎತ್ತಣಿಂದೆತ್ತ ಸಂಬಂಧ, ನೀವೇ ಹೇಳಿ. ಹೆಚ್ಚು ಮಾತಿಲ್ಲದೆ ಅವಳು ಅಂಗಿ ಬಿಚ್ಚತೊಡಗಿದಳು. ಅಷ್ಟರಲ್ಲಿ ಗೌರಜ್ಜಿಯ ಸೀರೆ ಕೈಗೆ ಬಂದಾಗಿತ್ತು. ಇಬ್ಬರೂ ಬಟ್ಟೆ ಕೊಡವುತ್ತ ನಿಂತರು. ನಾನು ಬ್ಯಾಗನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದೆ.

“ನನ್ನ ಕೈಲಿ ಆಗೂದಿಲ್ಲ ಅಜ್ಜಿ. ನೀವಿಬ್ರು ಮಾಡಿದ್ರೆ ಸಾಕು.”

“ದಾಟಿದ್ದು ಮೂರು ಜನ,” ಎಂದಳು ಅವಳು. ಸಿಟ್ಟಿರಲಿಲ್ಲ. “ಹೆರೂ ಹೊತ್ತಿಗೆ ನಾಚ್ಕೆನ ಗೂಟಕ್ಕೆ ತೂಗ್ಹಾಕು ಅಂತ ನೀವೇ ಹೇಳ್ತ್ರಿ ಅಲ್ರಾ. ಅಲ್ಲೊಂದು ಹುಡುಗಿ ಹೆರ್ತಾ ಅದೆ.”

ಬ್ಯಾಗನ್ನು ಕೆಳಗಿಟ್ಟೆ. ಯಾರೂ ಇಲ್ಲದ ಕಾಡು ಎಂದು ನನಗೆ ನಾನೇ ಹೇಳಿಕೊಂಡು ಎಲ್ಲ ಬಿಚ್ಚಿದೆ. ನನ್ನ ಮೈಗೆ ನೇರವಾಗಿ ಬಿಸಿಲು ತಾಗಿದ್ದು ಹುಟ್ಟಿದ ಮೇಲೆ ಅದೇ ಮೊದಲಿರಬೇಕು. ಕಣ್ಣೀರು ಹಾಕುತ್ತ, ಸೀರೆಯ ಒಳಬದಿ ಹೊರಗೆ ಮಾಡಿ ಸುತ್ತಿಕೊಂಡೆ. ಸೆರಗು ಸಿಕ್ಕಿಸಿ ತಲೆಯೆತ್ತಿದರೆ ಮೂವತ್ತು ಹೆಜ್ಜೆ ಆಚೆ ಗೌರಜ್ಜಿಯ ಮನೆ. ಬೇಲಿ, ಬೇಲಿಬಾಗಿಲಿನ ದಣಪೆ, ಅಂಗಳ, ಬೊಗಳುತ್ತಿರುವ ನಾಯಿ, ಮಾಡಿನ ಮೇಲೆ ಹೊಗೆ, ಎಲ್ಲ ಇತ್ತು.

ಅಂಗಳದಲ್ಲಿ ಮೂವರು ಗಂಡಸರು ಸಾಲಾಗಿ ಗೋಡೆಗೆ ಮುಖಮಾಡಿ ಕೂತಿದ್ದರು. ನಡುವೆ ಗೌರಜ್ಜಿಯ ಮಗ ತಿಮ್ಮಣ್ಣ. ಅವನ ಬರಿಮೈಯ ಎಡ ಹೆಗಲ ಹಿಂದೆ ಬಿಸಿಬೆಲ್ಲ ಸಿಡಿದು ಸುಟ್ಟ ಕಲೆ ಇತ್ತು, ಪಟ್ಟಿ ಕಟ್ಟಿದವಳು ನಾನೇ. ಅವನ ಬಲಕ್ಕೆ ಯಶೋದೆಯ ಗಂಡ, ಎಡಕ್ಕೆ ನೆರೆಮನೆಯವನು. “ಬಂದ್ವಿ” ಎಂದು ಗೌರಜ್ಜಿ ಕೂಗಿದ ಮೇಲೆಯೇ ಅವರು ತಿರುಗಿದ್ದು. ಹೆರಿಗೆಯ ಮನೆಯಲ್ಲಿ ಹಾಗೆ ಕೂರುವ ಕ್ರಮವಿರಬೇಕು ಅಂದುಕೊಂಡು ನಾನು ಒಳಗೆ ಓಡಿದೆ.

ಹತ್ತು ನಿಮಿಷಕ್ಕೆ ಹೆಣ್ಣು ಮಗು ಹುಟ್ಟಿತು. ನಾನು ಹೆದರಿದ್ದಂತೆಯೇ ರಕ್ತ ಹರಿಯತೊಡಗಿತು. ಇಂಜೆಕ್ಷನ್ ಕೊಟ್ಟೆ, ಇಂಗ್ರಿಡ್ ಹೊಟ್ಟೆ ಒತ್ತಿ ಹಿಡಿದಳು. ನಿಂತಿತು. ಇನ್ನೊಂದು ಸುತ್ತು ಕಾಡು ತಿರುಗಿದ್ದರೆ ನಾವು ಹೆಣದ ಮುಂದೆ ಬಂದು ನಿಲ್ಲಬೇಕಾಗಿತ್ತು. ಇದನ್ನು ಬರೆಯುವಾಗಲೂ ನನ್ನ ಕೈ ತಾನಾಗಿ ಮುಗಿಯುತ್ತದೆ.

ಹೆರಿಗೆ ಮಾಡಿಸಿದವರಿಗೆ ಅಲ್ಲಿ ಮೀಯಲು ಬಿಸಿನೀರು ಕೊಡುತ್ತಾರೆ. ಹಂಡೆಯಿಂದ ತೋಡಿ ಕೊಡುತ್ತ ತಿಮ್ಮಣ್ಣನ ಹೆಂಡತಿ ಕೇಳಿದಳು: “ಅಷ್ಟು ಕೂಗಿದ್ರೂ ನೀವು ಯಾಕೆ ತಿರುಗಿ ನೋಡ್ಲಿಲ್ಲ? ಮೂರು ಸಲ ದಣಪೆ ಮುಂದೇ ಹಾದು ಹೋದ್ರಿ.”

ನಾನು ಚೊಂಬು ಕೆಳಗಿಟ್ಟು ಕೇಳಿದೆ: “ಮತ್ತೆ ಬಂದು ಕೈ ಹಿಡಿದು ಕರೀಬಾರ್ದಿತ್ತಾ?”

“ಬಳ್ಳಿ ದಾಟಿದವ್ರನ್ನ ಮುಟ್ಟಿ ಎಳೀಬಾರ್ದು, ತಲೆ ಕೆಡ್ತದೆ. ಅವ್ರಾಗೇ ಬರ್ಬೇಕು. ಅತ್ತೆ ಸೀರೆಗೆ ಕೈ ಹಾಕ್ತಿದ್ದಂಗೆ ನಮ್ಮನೆಯವ್ರು ಗಂಡಸ್ರಿಗೆಲ್ಲ ಗ್ವಾಡೆ ಕಡೆ ತಿರುಗಿ ಕೂರ್ರಿ ಅಂದ್ರು.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮನೆಯೆದುರಿಗೇ ನಾನು ಬತ್ತಲೆ ನಿಂತಿದ್ದೆ. ಇನ್ನು ಈ ತಾಲ್ಲೂಕಿನಲ್ಲಿ ತಲೆಯೆತ್ತಿ ನಡೆದ ಹಾಗೇ ಅಂದುಕೊಂಡೆ. ಇಂಗ್ರಿಡ್ ಹಳ್ಳದಲ್ಲಿ ಮಿಂದ ಸುದ್ದಿ ಅರ್ಧ ದಿನದಲ್ಲಿ ಯಲ್ಲಾಪುರ ಬಸ್ ಸ್ಟ್ಯಾಂಡ್ ಮುಟ್ಟಿತ್ತು. ನನ್ನದು ಮುಟ್ಟಲು ಎಷ್ಟು ಹೊತ್ತು? ವರ್ಗಾವಣೆಗೆ ಅರ್ಜಿ ಕೂಡ ಬರೆದಿಟ್ಟೆ. ವಾರ ಕಳೆಯಿತು, ತಿಂಗಳು ಕಳೆಯಿತು. ಒಂದು ಮಾತಿಲ್ಲ. ಮುಂದೆ ಏಳು ವರ್ಷ ಬೈನೆಜಡ್ಡಿಗೆ ಹೋಗಿಬಂದೆ. ಒಬ್ಬರ ಕಣ್ಣಿನಲ್ಲೂ ಓರೆನೋಟವಿಲ್ಲ, ತುಟಿಯಲ್ಲಿ ನಗೆಯಿಲ್ಲ. ಅರ್ಜಿಯನ್ನು ಒಲೆಗೆ ಹಾಕಿದೆ. ಮುದುಕಿಯರಿಗೆ ರವಿಕೆಯ ಉಪದೇಶ ಮಾಡುವುದನ್ನೂ ಬಿಟ್ಟೆ.

ನಮ್ಮ ಡಾಕ್ಟರ ಹತ್ತಿರ, ಬಟ್ಟೆಯ ವಿಷಯ ಬಿಟ್ಟು, ದಾರಿ ತಪ್ಪಿದ್ದನ್ನು ಹೇಳಿದೆ. ಬಿಸಿಲು, ಗಾಬರಿ, ಮೈಯಲ್ಲಿ ನೀರು ಕಡಿಮೆ ಎಂದರು. ಮೂವರಿಗೂ ಒಟ್ಟಿಗೇ ನಾಯಿ ಬೊಗಳಿದ್ದು ಕೇಳಿಸಲಿಲ್ಲವೇಕೆ ಎಂದರೆ, ಸ್ವಲ್ಪ ಯೋಚಿಸಿ ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟರು. ನಾನು ಕಬ್ಬಿಣದ ಮಾತ್ರೆ ಕೊಟ್ಟ ಹುಡುಗಿಯರೆಲ್ಲ ಆಗ ನೆನಪಾದರು.

ಸಿದ್ದಾಪುರಕ್ಕೆ ವರ್ಗವಾಗಿ ಹೊರಟ ದಿನ ತಿಮ್ಮಣ್ಣ ಮೊಮ್ಮಗಳ ಕೈಹಿಡಿದು ಯಲ್ಲಾಪುರದ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಕೈಯಲ್ಲಿ ನನಗೆಂದು ತಂದ ಒಂದು ಮೊಗೆಕಾಯಿ, ನಮ್ಮ ಕಡೆಯ ಸಾಂಬಾರು ಸೌತೆ. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಅನ್ನಿಸಿತು. “ತಿಮ್ಮಣ್ಣ, ಈ ಕೂಸು ಹುಟ್ಟಿದ ದಿನ ನಾವು ನಿಮ್ಮ ಬೇಲಿ ಸುತ್ತ ತಿರುಗಿದ್ದು ಹೌದಾ? ನೀವು ಕಂಡ್ರಾ?”

ಅವನು ಬಸ್ಸಿನ ಬೋರ್ಡು ನೋಡುತ್ತ ನಿಂತ. “ಆ ದಿನ ನಾ ಮನೇಲೇ ಇರ್ಲಿಲ್ಲ ಅಮ್ಮ. ಗದ್ದೆಗೆ ಹೋಗಿದ್ದೆ. ಬಂದು ನೋಡೂವಾಗ ಕೂಸು ಹುಟ್ಟಿ ಆಗಿತ್ತು.”

ಗೋಡೆಗೆ ಮುಖಮಾಡಿದ್ದ ಆ ಮೂರು ಬೆನ್ನುಗಳಲ್ಲಿ ನಡುವಿನ ಬೆನ್ನಿನ ಸುಟ್ಟ ಕಲೆ ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಅಂದು ಕಾಡಿನಲ್ಲಿ ನಮಗೆ ಏನಾಯಿತೆಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಸಿ ಹೇಳಬಹುದಾಗಿದ್ದವನು ನನ್ನ ಎದುರಿಗೇ ನಿಂತು, ಇವತ್ತೂ ಗೋಡೆಗೆ ಮುಖ ತಿರುಗಿಸಿಕೊಂಡವನ ಹಾಗೆ, ತಾನು ಅಲ್ಲಿರಲೇ ಇಲ್ಲ ಎಂದುಬಿಟ್ಟ.

“ಹೌದೇನೋ, ನಂಗೇ ಮರ್ತುಹೋಗಿರ್ಬೇಕು” ಎಂದೆ. ಮೊಗೆಕಾಯಿ ಮಡಿಲಲ್ಲಿಟ್ಟುಕೊಂಡು ಕೂತೆ. ಶಿರಸಿ ಬರುವವರೆಗೂ ನನ್ನ ಕಣ್ಣೀರು ನಿಲ್ಲಲಿಲ್ಲ.