ಗಂಟಲಲ್ಲಿ ಸಿಕ್ಕಿದ ತುತ್ತು

ನಾನು ಚಿಕ್ಕವನಿದ್ದಾಗ ಬೇಸಿಗೆ ರಜ ಬಂತೆಂದರೆ ನನ್ನ ಹೊಟ್ಟೆಗೆ ಒಂದೇ ಊಟ, ಬೆಲ್ಲ. ಭಾರತೀನಗರದ ಹತ್ತಿರ ನಮ್ಮ ಗದ್ದೆಯ ಪಕ್ಕದಲ್ಲೇ ಆಲೆಮನೆ ಇತ್ತು. ಕಬ್ಬು ಅರೆದು, ಅದರ ಹಾಲು ಕಾಯಿಸಿ ಬೆಲ್ಲ ಮಾಡುವ ಜಾಗ. ಎದ್ದವನೇ ಅಲ್ಲಿಗೆ ಓಟ. ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯುವ ಪಾಕಕ್ಕೆ ಕಬ್ಬಿನ ತುಂಡು ಅದ್ದಿ, ತಣ್ಣೀರಲ್ಲಿ ಮುಳುಗಿಸಿ ತೆಗೆದರೆ ಹಲ್ಲಿಗೆ ಅಂಟುವ ಎಳೆ ಬೆಲ್ಲ! ಅಯ್ಯೋ, ಈಗಲೂ ಬಾಯಲ್ಲಿ ನೀರೂರುತ್ತದೆ. ಮನೆಗೆ ಬಂದರೆ ಮಾತ್ರ ಮುದ್ದೆ ಇಳಿಯುತ್ತಿರಲಿಲ್ಲ. ಉಪ್ಸಾರು ಕಂಡರೆ ಮುಖ ತಿರುಗಿಸುತ್ತಿದ್ದೆ, ಸೊಪ್ಪನ್ನು ಕದ್ದು ನಾಯಿಗೆ ಹಾಕುತ್ತಿದ್ದೆ. ಕೈಕಾಲು ಕಡ್ಡಿಯಂತಾಗಿದ್ದವು, ಮುಂದಿನ ಹಲ್ಲು ಕಪ್ಪಾಗಿದ್ದವು.

ಅಮ್ಮ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅಡುಗೆಯೆಲ್ಲ ಅಕ್ಕನದೇ. ಅಮ್ಮ ಬರುವಷ್ಟರಲ್ಲಿ ನಾನು ಇನ್ನೂ ಸೊರಗುತ್ತೇನೆಂದು ಅಪ್ಪನಿಗೆ ಒಳಗೊಳಗೇ ಭಯ. ಆದರೆ ಅಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಭಯವಾದರೂ ಕೋಪವೇ ಬರುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ ಆಲೆಮನೆಗೆ ನುಗ್ಗಿ ಬಂದ. ರಾಶಿಯಿಂದ ಒಂದು ಕಬ್ಬಿನ ಜಲ್ಲೆ ಎಳೆದುಕೊಂಡು ನನ್ನ ಮೀನಖಂಡಕ್ಕೆ ಚಟೀರೆಂದು ಬಾರಿಸಿದ. ಬೆನ್ನಿಗೆ ಬಿದ್ದ ಏಟಿಗೆ ಜಲ್ಲೆಯೇ ಮುರಿಯಿತು. ರಟ್ಟೆ ಹಿಡಿದು ಬದುವಿನ ಮೇಲೆ ದರದರನೆ ಎಳೆದುಕೊಂಡು ಹೋದ. ಮಂಡಿ ತರಚಿ ರಕ್ತ ಇಳಿಯುತ್ತಿತ್ತು.

“ಮುದ್ದೆ ಬ್ಯಾಡ್ವೇನ್ಲಾ ನಿಂಗೆ? ಇವತ್ತು ಅದೆಂಗೆ ಉಣ್ಣಕಿಲ್ಲ ನೋಡ್ತೀನಿ ಕಣ್ಲಾ!”

ಕೆಲಸ ಮಾಡುತ್ತಿದ್ದವರೆಲ್ಲ ನಿಂತು ನೋಡಿದರು. ಒಬ್ಬರೂ ಬಿಡಿಸಲು ಬರಲಿಲ್ಲ.

ಅಕ್ಕ ಆಗತಾನೇ ಮುದ್ದೆ ಕಟ್ಟಿ ಇಟ್ಟಿದ್ದಳು. ಅಪ್ಪ ನನ್ನನ್ನು ತಟ್ಟೆಯ ಮುಂದೆ ಕುಕ್ಕಿದ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಗಿದವನನ್ನು ಕಂಡು ಊರೇ ನಗುತ್ತದೆ. ನನಗೆ ನುಂಗಲು ಬರುತ್ತಿರಲಿಲ್ಲ, ಅಳುತ್ತಾ ಅಗಿದೆ. ಅಪ್ಪನಿಗೆ ಮೈಯೆಲ್ಲ ಉರಿದುಹೋಯಿತು. “ಅಗೀತಾನೆ ನೋಡು! ನುಂಗ್ಲಾ!” ಎಂದು ಕಪಾಳಕ್ಕೆ ಬಿಟ್ಟ. ನಾನು ಕಿರುಚಲು ಬಾಯಿ ತೆರೆದೆ. ಅಪ್ಪ ತನ್ನ ಗಂಟಲಿಗೆ ಆಗುವಷ್ಟು ದೊಡ್ಡ ತುತ್ತು ಮುರಿದು ನನ್ನ ಬಾಯಿಗೆ ತುರುಕಿದ.

ಕೂಗು ಅಲ್ಲೇ ನಿಂತಿತು. ಉಸಿರು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಕಣ್ಣು ಮೇಲೆ ಸಿಕ್ಕಿಕೊಂಡವು. ಕೈಕಾಲು ಬಡಿದೆ, ತಟ್ಟೆ ಮಗುಚಿತು. “ನಾಟ್ಕ ಆಡ್ತಾನೆ” ಎಂದು ಅಪ್ಪ ಮತ್ತೊಂದು ತುತ್ತು ಎತ್ತಿದ.

ನನ್ನ ತುಟಿ ನೀಲಿಯಾಗುತ್ತಿರುವುದನ್ನು ನೋಡಿದವಳು ಅಕ್ಕ ಒಬ್ಬಳೇ. ಎರಡೂ ಕೈಯಿಂದ ಅಪ್ಪನ ಎದೆಗೆ ಗುದ್ದಿ ಬೀಳಿಸಿದಳು. ಹೆತ್ತ ಅಪ್ಪನ ಮೈಮೇಲೆ ಮಗಳು ಕೈ ಮಾಡುವುದೆಂದರೇನು! ಎದ್ದ ಅಪ್ಪ ಅವಳ ಬಾಯಿಗೇ ಬಾರಿಸಿದ. ತುಟಿ ಸೀಳಿತು. ಅಕ್ಕ ಅದನ್ನು ಒರೆಸಿಕೊಳ್ಳಲೂ ಇಲ್ಲ. ನನ್ನನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ದಬದಬ ಗುದ್ದತೊಡಗಿದಳು.

“ಕೆಮ್ಮೋ! ಕೆಮ್ಮು ಕಣ್ಲಾ! ಸಾಯ್ಬ್ಯಾಡ ಕಣ್ಲಾ!”

ತುತ್ತು ನೆಲಕ್ಕೆ ಬಿತ್ತು. ನಾನು ಹೋ ಎಂದು ಅತ್ತೆ. ಅಪ್ಪ ಆ ತುತ್ತನ್ನು ಎತ್ತಿಕೊಂಡು ನೋಡಿದ. ಅಪ್ಪ ಅತ್ತದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ.

“ಇನ್ಮ್ಯಾಕೆ ಅವನ ತಟ್ಟೆಗೆ ನೀನು ಕೈ ಆಕ್ಬ್ಯಾಡ ಕಣಪ್ಪ” ಅಂದಳು ಅಕ್ಕ. ಅಪ್ಪ ತಲೆಯಾಡಿಸಿದ. ಮತ್ತೆಂದೂ ಹಾಕಲಿಲ್ಲ.

ಮಾರನೆಯ ದಿನದಿಂದ ಅಕ್ಕ ನನ್ನನ್ನು ಸೊಪ್ಪು ಕೀಳಲು ಕರೆದುಕೊಂಡು ಹೋದಳು. ಬಿಸಿಲಲ್ಲಿ ಬಗ್ಗಿ ಬಗ್ಗಿ ಹೊಟ್ಟೆ ಚುರುಗುಟ್ಟುತ್ತಿತ್ತು. ಉಣ್ಣುವ ತನಕ ಬೆಲ್ಲವಿಲ್ಲ. ಮನೆಗೆ ಬಂದರೆ ನಿಂಬೆಹಣ್ಣಿನಷ್ಟು ಮುದ್ದೆ, ಮೇಲೊಂದು ತೊಟ್ಟು ತುಪ್ಪ, ನಾನೇ ಕಿತ್ತ ಸೊಪ್ಪಿನ ಸಾರು. ನಾನು ಅಗಿದೆ. ಅವಳು ನಗಲಿಲ್ಲ, ಊದಿದ ತುಟಿಯಲ್ಲೇ ಪಕ್ಕದಲ್ಲಿ ಕೂತು ಉಂಡಳು. ಶಾಲೆ ತೆರೆಯುವ ಹೊತ್ತಿಗೆ ಇನ್ನೊಂದು ಮುದ್ದೆ ಹಾಕೆಂದು ನಾನೇ ಕಾಡುತ್ತಿದ್ದೆ.

ಈಗ ನಿಮ್ಮ ರಜದಲ್ಲಿ ಆಲೆಮನೆಯಿಲ್ಲ, ಮೊಮ್ಮಕ್ಕಳೇ. ಬಣ್ಣಬಣ್ಣದ ಪೊಟ್ಟಣಗಳಿವೆ, ತಟ್ಟೆಯ ಮುಂದೆ ಮೊಬೈಲಿದೆ. ನಿಡಘಟ್ಟದಿಂದ ಬರುವ ಅಜ್ಜಿ ನಕ್ಕಾಗ ತುಟಿ ಒಂದು ಕಡೆ ಸೊಟ್ಟಗಾಗುವುದೇಕೆಂದು ಕೇಳಿದಿರಲ್ಲ, ಅವಳೇ ನನ್ನ ಅಕ್ಕ.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಮುದ್ದೆ ಅಗಿಯುತ್ತಾ ಕೂತಾಗ ನಿಮ್ಮಪ್ಪ “ನುಂಗೇ!” ಎಂದು ಕೈ ಎತ್ತಿದ್ದು ನಿಮಗೆ ನೆನಪಿದೆಯಲ್ಲ? ಮಗನನ್ನು ಒಂದು ದಿನವೂ ಹೊಡೆಯದವನು ನಾನು, ಅವನ ಮಣಿಕಟ್ಟನ್ನು ಮುರಿಯುವ ಹಾಗೆ ಹಿಡಿದೆ. ಮೂಲೆಯಲ್ಲಿ ಕೂತಿದ್ದ ಅಕ್ಕನೇ ಹೇಳಿದಳು.

“ಅಗೀಲಿ ಬುಡ್ಲಾ.”

ಚಿಕ್ಕವಳು ಅಗಿದಳು. ನಾವೆಲ್ಲ ಕಾದೆವು.