ಫಿಜಿ, ಟಾಂಗಾ ಮತ್ತು ಲಿಸ್ಲ್‌ನ ಅಣ್ಣ

ಪೆಸಿಫಿಕ್ ಸಾಗರದ ಎರಡು ದ್ವೀಪದೇಶಗಳು ಹೊರಗಿನಿಂದ ಎಷ್ಟು ಪ್ಲೈವುಡ್ ತರಿಸಿಕೊಳ್ಳುತ್ತವೆ ಎಂಬುದರ ಮೇಲೆ ನನ್ನ ಇಡೀ ಬೇಸಿಗೆ ರಜೆ ನಿಂತಿತ್ತು. ನಾನು ಉತ್ಪ್ರೇಕ್ಷೆ ಮಾಡುವವನೇ, ಆದರೆ ಇಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಎಕನಾಮಿಕ್ಸ್ ಕ್ಲಾಸಿನಲ್ಲಿ ಟೀಚರ್ ಚೀಟಿ ಎತ್ತಿಸಿ ವಿಷಯ ಹಂಚಿದರು: ಒಂದು ಸರಕಿನ ಆಮದಿನಲ್ಲಿ ಎರಡು ದೇಶಗಳ ಹೋಲಿಕೆ. ಪಕ್ಕದವಳಿಗೆ ಜಪಾನ್, ಕೊರಿಯಾ, ಕಾರು. ನನಗೆ ಫಿಜಿ, ಟಾಂಗಾ, ಪ್ಲೈವುಡ್. ಕಾರುಗಳ ಊರು ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನಲ್ಲಿ ಹುಟ್ಟಿ ಬೆಳೆದವನಿಗೆ ಕಾರು ತಪ್ಪಿ ಪ್ಲೈವುಡ್! ಇದರಲ್ಲಿ ಎ ಗ್ರೇಡ್ ಬರದಿದ್ದರೆ ರಜೆ ಪೂರ್ತಿ ಶಿಕಾಗೋ ಕಡೆಯ ಲಿಸ್ಲ್‌ನಲ್ಲಿ, ದೊಡ್ಡಮ್ಮನ ಮನೆಯಲ್ಲಿ, ಅಣ್ಣನ ಕೈಕೆಳಗೆ ಓದು ಎಂದು ಅಮ್ಮ ತೀರ್ಪು ಕೊಟ್ಟಿದ್ದಳು. ಅಣ್ಣ ಅಂದರೆ ದೊಡ್ಡಮ್ಮನ ಮಗ. ನನಗಿಂತ ಒಂದೇ ವರ್ಷ ದೊಡ್ಡವನು, ಆದರೆ ಹುಟ್ಟುವಾಗಲೇ ಶರ್ಟ್ ಇನ್ ಮಾಡಿಕೊಂಡು ಬಂದವನು.

ಕ್ಲಾಸಿನಲ್ಲಿ ಒಪ್ಪಿಸುವ ಮುಂಚಿನ ಶನಿವಾರ ಲಿಸ್ಲ್‌ಗೆ ಹೋದೆವು. ದಾರಿಯುದ್ದಕ್ಕೂ ನನ್ನ ಕಾಲು ಎಷ್ಟು ನಡುಗಿತೆಂದರೆ, ಟೈರ್ ಪಂಕ್ಚರ್ ಆಗಿರಬೇಕೆಂದು ಅಪ್ಪ ಹೈವೇಯಿಂದ ಎಕ್ಸಿಟ್ ತೆಗೆದುಕೊಂಡು ಇಳಿದು ನೋಡಿದರು.

ಊಟವಾದ ಮೇಲೆ ನಮ್ಮವರ ಮನೆಗಳಲ್ಲಿ ಆಗುವುದೇ ಆಯಿತು: ಮಗುವಿನ ಪ್ರದರ್ಶನ. ಚಿಕ್ಕವನಿದ್ದಾಗ ಶ್ಲೋಕ ಹೇಳಿಸುತ್ತಿದ್ದರು, ಈಗ ಪ್ಲೈವುಡ್.

"ಎಲ್ಲಿ, ನಿನ್ ಪ್ರೆಸೆಂಟೇಶನ್ ದೊಡ್ಡಮ್ಮಂಗೆ ತೋರ್ಸು," ಎಂದಳು ಅಮ್ಮ.

ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಪ್ಲೈವುಡ್ ಆಮದಿನ ಗ್ರಾಫಿನಲ್ಲಿ ಫಿಜಿಗೆ ಉದ್ದನೆಯ ಕಂಬ, ಟಾಂಗಾಗೆ ಮೋಟು ಕಂಬ. "ಸೋ, ಫಿಜಿ ವಿನ್ಸ್!" ಎಂದು ಬಗ್ಗಿ ನಮಸ್ಕರಿಸಿದೆ.

"ಅಯ್ಯೋ ಪಾಪ, ಟಾಂಗಾ ಯಾಕೋ ಹಿಂದೆ ಬಿತ್ತು?" ಎಂದರು ದೊಡ್ಡಮ್ಮ.

"ಅದು ದೇಶ ದೊಡ್ಡಮ್ಮ."

"ಆದ್ರೇನಂತೆ? ಪಕ್ಕದ್ ಫಿಜಿನ ನೋಡಿ ಕಲೀಬೇಕಪ್ಪ."

ಸೋಫಾದ ಮೂಲೆಯಿಂದ ಅಣ್ಣ ಕೆಮ್ಮಿದ. "ಬ್ರೋ, ಪರ್ ಪರ್ಸನ್ ಎಷ್ಟು? ಫಿಜೀಲಿ ಜನ ಎಷ್ಟೋ ಪಟ್ಟು ಜಾಸ್ತಿ. ಅವ್ರಿಗೆ ಸ್ವಂತ ಪೈನ್ ತೋಪಿದೆ, ಪ್ಲೈವುಡ್ ಅಲ್ಲೇ ಮಾಡ್ತಾರೆ. ಟಾಂಗಾದಲ್ಲಿ ಅಷ್ಟು ಮರ ಎಲ್ಲಿದೆ? ಬರೀ ಟೋಟಲ್ ಇಟ್ಟು ಕಂಪೇರ್ ಮಾಡಿದ್ರೆ ಟೀಚರ್ ಒಪ್ಪಲ್ಲ."

ಅಮ್ಮ ನನ್ನನ್ನೇ ನೋಡಿದಳು. ದೊಡ್ಡಮ್ಮನ ಗೆಸ್ಟ್ ರೂಮಿನ ಮಂಚ ರಜೆಗೆ ನನ್ನನ್ನು ಹೆಸರು ಹಿಡಿದು ಕರೆದಂತಾಯಿತು. ಕೂರಲೂ ಆಗದೆ ನಿಲ್ಲಲೂ ಆಗದೆ, ಬಾಯಿಗೆ ಬಂದದ್ದನ್ನು ಬಿಟ್ಟೆ.

"ಎಕ್ಸಾಕ್ಟ್ಲಿ! ಅಣ್ಣನ್ನೇ ತಗೊಳ್ಳಿ. ಮ್ಯಾಥ್ಸ್‌ಗೆ ಟ್ಯೂಷನ್, ಫಿಸಿಕ್ಸ್‌ಗೆ ಟ್ಯೂಷನ್. ಎಲ್ಲಾ ಇಂಪೋರ್ಟೆಡ್ ಮಾಲು! ನಂಗೆ ಸೊನ್ನೆ ಟ್ಯೂಷನ್. ಮಾರ್ಕ್ಸ್‌ನ ಟ್ಯೂಷನ್‌ಗಳಿಂದ ಡಿವೈಡ್ ಮಾಡಿ ನೋಡಿ, ಯಾರು ಮುಂದೆ?"

"ಸೊನ್ನೆಯಿಂದ ಡಿವೈಡ್ ಮಾಡಕ್ಕಾಗಲ್ಲ ಕಣೋ," ಎಂದ ಅಣ್ಣ.

ಅಪ್ಪ ನಕ್ಕು ನಕ್ಕು ಕಾಫಿ ಚೆಲ್ಲಿದರು. ಅಮ್ಮ ನಗಲಿಲ್ಲ. ಅಣ್ಣ ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಸಂಜೆಯವರೆಗೆ ಒಂದೊಂದೇ ಸ್ಲೈಡನ್ನು ತಲಾ ಲೆಕ್ಕಕ್ಕೆ ತಿದ್ದಿಸಿದ. ಹೊಸ ಚಿತ್ರದಲ್ಲಿ ಮೋಟು ಟಾಂಗಾ ಎದ್ದು ನಿಂತಿತು.

ಎ ಬಂತು. ಫೋನ್ ಹಿಡಿದು ಅಡುಗೆಮನೆಗೆ ಓಡಿ ಅಮ್ಮನಿಗೆ ತೋರಿಸಿದೆ. ಅವಳು ಕೂಡಲೇ ಲಿಸ್ಲ್‌ಗೆ ಫೋನ್ ಹಚ್ಚಿದಳು.

"ಅಕ್ಕಾ, ಎ ಬಂತು ಕಣೆ! ಎಲ್ಲಾ ನಿನ್ ಮಗನ ದೆಸೆಯಿಂದ. ಇವನು ಅಲ್ಲಿಗ್ ಬರೋದು ಬೇಡ. ರಜಕ್ಕೆ ಅವನ್ನೇ ಇಲ್ಲಿಗೆ ಕಳ್ಸು, ಇವನ್ ರೂಮಲ್ಲೇ ಇರ್ಲಿ."

ಬೇಡ ಬೇಡ ಎಂದು ಎರಡೂ ಕೈ ಬೀಸಿದೆ.

"ನೋಡು, ಖುಷಿ ತಡ್ಕೊಳ್ಳಕ್ಕಾಗ್ತಿಲ್ಲ ಇವ್ನಿಗೆ," ಎಂದಳು ಅಮ್ಮ ಫೋನಿಗೆ.