ನಸೀಮಾ ಆಂಟಿಯ ರಂಗೋಲಿ ಮೊಟ್ಟೆಗಳು

ಆ ಶನಿವಾರದ ಬೆಳಿಗ್ಗೆಯೂ ಎಂದಿನಂತೆಯೇ ಇತ್ತು. ಹಾಲು ಕಾಯಿಸಿ, ಅವಲಕ್ಕಿ ನೆನೆಸಿ, ಮಗಳ ಈಜಿನ ಚೀಲದಲ್ಲಿ ಒಣ ಟವೆಲ್ ಇದೆಯೇ ಎಂದು ಎರಡು ಸಲ ನೋಡಿ, ಅವಳನ್ನೂ ಅವಳಪ್ಪನನ್ನೂ ಸೈಕಲ್ ಹತ್ತಿಸಿ ಕಳಿಸಿದೆ. ಆಮೇಲೆ ಒಗ್ಗರಣೆ ಅವಲಕ್ಕಿಯನ್ನು ಡಬ್ಬಿಗೆ ತುಂಬಿಕೊಂಡು ಎದುರು ಮನೆಯ ಬಾಗಿಲು ತಟ್ಟಿದೆ. ನಸೀಮಾ ಆಂಟಿ ಆಗಲೇ ಕೋಟು ಹಾಕಿಕೊಂಡು, ದುಪಟ್ಟಾವನ್ನು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿ ಕೂತಿದ್ದರು. ಮೇಜಿನ ಮೇಲೆ ಟ್ರೇಯಲ್ಲಿ ಹನ್ನೆರಡು ಮೊಟ್ಟೆ. ಯಾವುದರೊಳಗೂ ಲೋಳೆಯಿಲ್ಲ, ಹಳದಿಯಿಲ್ಲ. ಎಲ್ಲದರೊಳಗೂ ರಂಗೋಲಿ ಪುಡಿ.

ಈಗ ಆ ಬಾಗಿಲಿನ ಮೇಲೆ ಬೇರೆ ಯಾರದೋ ಹೆಸರಿದೆ. ಆಂಟಿ ಗ್ರೋನಿಂಗನ್‌ನಲ್ಲಿರುವ ತಂಗಿಯ ಮನೆಗೆ ಹೋಗಿ ಒಂದು ವರ್ಷವಾಯಿತು. ಈ ಡಚ್ ಊರು ಐಂಡ್‌ಹೋವನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಷ್ಟು ಸಣ್ಣ ಆಕಾರದವರು ಇನ್ನೊಬ್ಬರಿರಲಿಲ್ಲ; ಅವರಷ್ಟು ನೆಟ್ಟಗೆ ನಿಲ್ಲುವವರೂ ಇರಲಿಲ್ಲ. ತುಮಕೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದವರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮೂವತ್ತು ವರ್ಷ ಅದರ ಸುದ್ದಿಗೇ ಹೋಗಲಿಲ್ಲ. ಗಂಡ ತೀರಿಕೊಂಡ ಮಾರನೇ ವರ್ಷ ಊರಾಚೆಯ ಗುರಿ ಹೊಡೆಯುವ ಕ್ಲಬ್ಬಿಗೆ ಒಬ್ಬರೇ ಹೋಗಿ ಹೆಸರು ಕೊಟ್ಟರು. "ಮನೇಲಿ ಕೂತ್ರೆ ಬರೀ ಅಡುಗೆಮನೆ ಗಡಿಯಾರ ಕೇಳ್ಸುತ್ತೆ ಬೇಟಿ," ಎಂದು ನನಗೆ ಕಾರಣ ಹೇಳಿದ್ದರು.

ಕಾಗದದ ಗುರಿ ಅವರಿಗೆ ಆಗುತ್ತಿರಲಿಲ್ಲ. "ಕಾಗದಕ್ಕೆ ಹೊಡೆದ್ರೆ ಏನಾಗುತ್ತೆ ಹೇಳು? ಒಂದು ತೂತು. ಅದನ್ನ ನೋಡೋಕೆ ಅಲ್ಲೀತನಕ ನಡ್ಕೊಂಡು ಹೋಗ್ಬೇಕು. ಕಾಲೇಜಲ್ಲಿ ನಮ್ಮ ಹವಾಲ್ದಾರ್ ಆ ತೂತನ್ನೂ ಬೈಕೊಂಡೇ ತೋರ್ಸೋನು. ಹೊಡೆದ ಮೇಲೆ ಏನಾದ್ರೂ ಹಾರ್ಬೇಕು, ಬೀಳ್ಬೇಕು, ಪುಡಿಯಾಗ್ಬೇಕು. ಇಲ್ದಿದ್ರೆ ಅದು ಪರೀಕ್ಷೆ, ಆಟ ಅಲ್ಲ." ಹಾಗಾಗಿ ಹೊಸ ಹೊಸ ಗುರಿ ಹುಡುಕುವುದೇ ಅವರ ಕಸುಬಾಯಿತು. ಸೀಮೆಸುಣ್ಣದ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿದರು. ರಸ್ಕನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟರು. ಬೀಟ್‌ರೂಟ್ ರಸದ ಐಸ್ ಮಾಡಿ ಒಯ್ದರೆ ಅದು ದಾರಿಯಲ್ಲೇ ಕರಗಿ ಕೋಟಿನ ಜೇಬು ಕೆಂಪಾಯಿತು. ಕೊನೆಗೆ ನಿಂತಿದ್ದು ಮೊಟ್ಟೆಯ ಮೇಲೆ.

ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ. ಆದ್ದರಿಂದ ಶುಕ್ರವಾರ ಮಧ್ಯಾಹ್ನದ ಕೆಲಸವೆಲ್ಲ ಅವರ ಅಡುಗೆಮನೆಯಲ್ಲೇ. ಅವರು ಸೂಜಿಯಿಂದ ತೂತು ಮಾಡಿ ಒಳಗಿನದನ್ನು ಬಟ್ಟಲಿಗೆ ಇಳಿಸಿ, ತೊಳೆದು ಒಣಗಿಸುತ್ತಿದ್ದರು. ನಾನು ಕಾಗದದ ಕೊಳವೆಯಿಂದ ರಂಗೋಲಿ ಪುಡಿ ತುಂಬಿ, ಮೈದಾ ಅಂಟಿನಲ್ಲಿ ಟಿಶ್ಯೂ ಚೂರು ಅಂಟಿಸಿ ಬಾಯಿ ಮುಚ್ಚುತ್ತಿದ್ದೆ. ಬಟ್ಟಲು ನನ್ನ ಕಡೆ ಬಂದರೆ ಸ್ವಲ್ಪ ಹಿಂದೆ ಸರಿಯುತ್ತಿದ್ದೆ. "ಮುಟ್ಟಿದ್ರೆ ಕೋಳಿ ಬಂದು ಕಚ್ಚಲ್ಲ ಕಣೇ," ಎಂದು ಛೇಡಿಸುತ್ತಿದ್ದರು. ಹೇಳಿ ಮುಗಿಸುವಷ್ಟರಲ್ಲಿ ಬಟ್ಟಲನ್ನು ತಾವೇ ದೂರ ಇಡುತ್ತಿದ್ದರು.

ಒಮ್ಮೆ ರಂಗೋಲಿ ಪುಡಿ ಮುಗಿದಿತ್ತು. ಅಮ್ಮ ಕಳಿಸಿದ್ದ ಸಾರಿನ ಪುಡಿ ಎರಡು ವರ್ಷ ಹಳೆಯದಾಗಿ ಕಪಾಟಿನ ಮೂಲೆಯಲ್ಲಿತ್ತು. ಅದನ್ನೇ ತುಂಬಿದೆ. ಮೂರನೇ ಮೊಟ್ಟೆ ಒಡೆಯುವ ಹೊತ್ತಿಗೆ ಗಾಳಿ ನಮ್ಮ ಕಡೆ ತಿರುಗಿತು. ಉದ್ದನೆಯ ಡಚ್ ಗಂಡಸರು ಮೂಗೆತ್ತಿ ನಿಂತರು. ಕ್ಲಬ್ಬಿನ ಉಸ್ತುವಾರಿ ಯಾನ್ ಎರಡು ಸಲ ಸೀನಿ, ಇವತ್ತು ಊಟ ಇದೆಯೇ ಎಂದು ಕೇಳಿದ. "ನಿಮ್ಮಮ್ಮಂಗೆ ಹೇಳು, ಎರಡು ವರ್ಷ ಆದ್ರೂ ಘಾಟು ಹೋಗಿಲ್ಲ ಅಂತ," ಎಂದು ಆಂಟಿ ಕಣ್ಣೊರೆಸಿಕೊಂಡರು. ಅಮ್ಮನಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ.

ಆ ಶನಿವಾರ ಅವರಿಗೆ ಒಂದು ಮಾತು ಹೇಳಲೇಬೇಕಿತ್ತು. ಹಿಂದಿನ ವಾರ ಗಾಜಿನ ಆಚೆ ಕೂತು ನೋಡುತ್ತಿದ್ದಾಗ ಮೊದಲ ಮೊಟ್ಟೆ ಒಡೆದು ನೀಲಿ ಪುಡಿ ಎದ್ದಿತ್ತು. ಆಂಟಿ ತಿರುಗಿ, "ಕೆಂಪು ಹೆಂಗೆ ಹಾರ್ತು ನೋಡಿದ್ಯಾ?" ಎಂದಿದ್ದರು. ನಾನು ಹೂಂ ಎಂದುಬಿಟ್ಟೆ. ಆ ಹೂಂ ವಾರವಿಡೀ ನನ್ನನ್ನು ಚುಚ್ಚಿತು. ಚಹಾ ಸುರಿಯುವಾಗ ಅವರು ಕಪ್ಪಿನ ಅಂಚಿಗೆ ಬೆರಳಿಡುವುದು, ನನ್ನ ಮುಖ ನೋಡಲು ತಲೆ ಓರೆ ಮಾಡುವುದು ಒಂದೊಂದಾಗಿ ನೆನಪಾಯಿತು. ಕೈಯಲ್ಲಿರುವುದು ರೈಫಲ್. ಸುಮ್ಮನಿರುವಂತಿಲ್ಲ. ಆದರೆ ದೊಡ್ಡವರ ಕುಂದನ್ನು ಎತ್ತಿ ಆಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ಬೆಳೆಸಿದ ನಾಲಿಗೆ ನನ್ನದು. ಹೇಳಿದರೆ ಅವರ ಶನಿವಾರ ಹೋಗುತ್ತದೆ, ಅದರ ಜೊತೆ ನನ್ನ ಶುಕ್ರವಾರವೂ.

ಕಾರಿನಲ್ಲಿ ಎರಡನೇ ಸಿಗ್ನಲ್ ಹತ್ತಿರ ಹೇಳಿದೆ. "ಆಂಟಿ, ಹೋದ ವಾರ ಮೊದಲು ಒಡೆದಿದ್ದು ಕೆಂಪಲ್ಲ, ನೀಲಿ."

ಅವರು ಮಡಿಲಲ್ಲಿದ್ದ ಟ್ರೇಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಿಗ್ನಲ್ ಹಸಿರಾಯಿತು.

"ಯಾರ್ಯಾರಿಗೆ ಹೇಳ್ದೆ?"

"ಯಾರಿಗೂ ಇಲ್ಲ."

"ಮತ್ತೆ ಆವತ್ತು ಹೂಂ ಅಂದೆಯಲ್ಲ?"

"ತಪ್ಪಾಯ್ತು ಆಂಟಿ."

"ಹೂಂ," ಎಂದರು.

ಕ್ಲಬ್ಬಿನಲ್ಲಿ ಯಾನ್ ಮಣ್ಣಿನ ದಿಬ್ಬದ ಮುಂದಿನ ಹಲಗೆಯ ಮೇಲೆ ಮೂರು ಮೊಟ್ಟೆ ಇಟ್ಟು ಬಂದ. ಆಂಟಿ ಕೂತರು. ಗುಂಡು ತುಂಬಲಿಲ್ಲ. ರೈಫಲ್ಲಿಗೆ ಕೆನ್ನೆ ಒತ್ತಿ ಬಹಳ ಹೊತ್ತು ನೋಡಿದರು. ಪಕ್ಕದವರು ಹೊಡೆದು ಮುಗಿಸಿದರೂ ಇವರು ಅಲುಗಲಿಲ್ಲ. ಆಮೇಲೆ ನನ್ನನ್ನು ಕರೆದರು.

"ಮಧ್ಯದ್ದು ಇದೆಯಾ ಅಲ್ಲಿ?"

"ಇದೆ."

"ನನಗೆ ಎರಡೇ ಕಾಣ್ತಿರೋದು. ಯಾವುದನ್ನ ನೋಡ್ತೀನೋ ಅದರ ಮೇಲೇ ಹೊಗೆ." ಕೆನ್ನೆ ಎತ್ತಿ, "ಕನ್ನಡಕದ ತಪ್ಪು ಅಂದ್ಕೊಂಡಿದ್ದೆ ಬೇಟಿ. ಅಲ್ಲ, ಹಂಗೆ ಅಂದ್ಕೊಳ್ಳೋಕೆ ಇಷ್ಟ ಇತ್ತು," ಎಂದರು.

ರೈಫಲ್ಲಿನ ಬೋಲ್ಟ್ ತೆರೆದು, ನಳಿಕೆ ದಿಬ್ಬದ ಕಡೆಗಿರುವಂತೆ ಕ್ರಮವಾಗಿ ಇಟ್ಟರು. ಎದ್ದು ನಿಂತು ಯಾನ್‌ಗೆ ಡಚ್‌ನಲ್ಲಿ, ಇನ್ನು ಮೇಲೆ ತಾನು ಹೊಡೆಯುವುದಿಲ್ಲ, ಕಣ್ಣು ಸರಿಯಿಲ್ಲ ಎಂದರು. ಹವಾಲ್ದಾರನೆದುರು ನಿಂತ ಹುಡುಗಿಯ ಹಾಗೆ ಹಿಮ್ಮಡಿ ಜೋಡಿಸಿ ನಿಂತಿದ್ದರು. ಯಾನ್ ಕಾಫಿ ತರಲು ಹೋದ. ಹನ್ನೆರಡು ಮೊಟ್ಟೆಗಳನ್ನೂ ಬೇರೆಯವರು ಒಡೆದರು. ಯಾವ ಬಣ್ಣ ಎದ್ದಿತೆಂದು ಆಂಟಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆ ಮುಟ್ಟಿದಾಗ ಆಂಟಿ ಎಂದಿನಂತೆ "ಬಾ, ಚಹಾ ಕುಡಿದು ಹೋಗು" ಎನ್ನಲಿಲ್ಲ. ಬಾಗಿಲು ಹಾಕಿಕೊಂಡರು. ಮಧ್ಯಾಹ್ನವೆಲ್ಲ ಇಸ್ತ್ರಿ ಮಾಡಿದೆ. ಒಂದೇ ಅಂಗಿಯನ್ನು ಎರಡು ಸಲ ಮಾಡಿದ್ದು ಮಡಚುವಾಗ ತಿಳಿಯಿತು. ಹೇಳಿದ್ದು ಸರಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಅವರನ್ನು ಕಳೆದುಕೊಂಡೆನೇನೋ ಎಂಬ ಅಳುಕು ಬಿಡಲಿಲ್ಲ.

ಸಂಜೆ ರದ್ದಿ ಕಾಗದ ಹಾಕಲು ಕೆಳಗಿಳಿದೆ. ಮೇಲಿನ ಮಹಡಿಯ ವಿನಯ್, ಮೈಸೂರಿನ ಹುಡುಗ, ಸೈಕಲ್ ತಲೆಕೆಳಗಾಗಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ತಲೆಯೆತ್ತದೆಯೇ ಹೇಳಿದ.

"ಅಕ್ಕಾ, ನಸೀಮಾ ಆಂಟಿ ಬಂದಿದ್ರು, ಹಳೇ ಸೈಕಲ್ ಬೆಲ್ ಇದ್ರೆ ಕೊಡು ಅಂತ. ಶುಕ್ರವಾರ ನೀವಿಬ್ರೂ ಕೂತು ಕ್ಲಬ್ಬಿನೋರು ಹೊಡೆಯೋಕೆ ಹೊಸ ಗುರಿ ಮಾಡ್ಬೇಕಂತಲ್ಲ? ಪೂರ್ತಿ ತುಕ್ಕು ಹಿಡ್ದಿದೆ ಅಂದೆ. ಸದ್ದು ಬಂದ್ರೆ ಸಾಕು ಅಂದ್ರು."